ಎಪ್ಪತ್ತರಂದು ಊರಲ್ಲಿರುವುದಿಲ್ಲ

ಸಿಕ್ಸ್‌ಟನ್ ಹಾಲ್ ಎಂಬ ಮುದುಕನ ಮನೆ ಮೆಟ್ಟಿಲ ಮೇಲೆ ಹುಟ್ಟುಹಬ್ಬದ ಹಸಿರು ಕೇಕ್ ಇಟ್ಟು, ಗಂಟೆ ಒತ್ತಿ, ಕಳ್ಳನ ಹಾಗೆ ಓಡಿಬಿಡಬೇಕೆಂದು ಟೋರೆ ಲೆಕ್ಕ ಹಾಕಿದ್ದ. ಲೆಕ್ಕದಲ್ಲಿ ತನ್ನ ತೂಕವನ್ನು ಸೇರಿಸಿರಲಿಲ್ಲ. ಒದ್ದೆ ಕಲ್ಲಿನ ಮೇಲೆ ಕಾಲು ಜಾರಿ, ಬಲ ಮೊಣಕಾಲು ಕೇಕಿನ ನಟ್ಟನಡುವೆ ಊರಿತು. ಬಾಗಿಲು ತೆರೆದಾಗ ಊರ ಪತ್ರಿಕೆಯ ಉಪಸಂಪಾದಕ, ಐವತ್ತೆರಡರ ಗೃಹಸ್ಥ, ದೇವರಿಗೆ ಅಡ್ಡಬಿದ್ದ ಭಂಗಿಯಲ್ಲಿದ್ದ.

"ಬಾ ಒಳಗೆ. ಕೇಕನ್ನೂ ಕರ್ಕೊಂಡು ಬಾ," ಎಂದ ಸಿಕ್ಸ್‌ಟನ್, ಗೊಗ್ಗರು ದನಿಯಲ್ಲಿ.

ಒಳಗೆ ಉದ್ದನೆಯ ಮೇಜಿನ ಮೇಲೆ ನಲವತ್ತು ಕಾಫಿ ಬಟ್ಟಲು, ಏಳು ಬಗೆಯ ಬಿಸ್ಕತ್ತು. ಶನಿವಾರ ಮಧ್ಯಾಹ್ನ ಮೂರು ಗಂಟೆ. ಒಂದು ಬಟ್ಟಲೂ ಒದ್ದೆಯಾಗಿರಲಿಲ್ಲ.

ದ್ವೀಪಕ್ಕೂ ದಡಕ್ಕೂ ನಡುವೆ ಕಾರುಗಳನ್ನು ಹೊತ್ತು ಓಡಾಡುವ ದೋಣಿಯಲ್ಲಿ ಸಿಕ್ಸ್‌ಟನ್ ಮೂವತ್ತನಾಲ್ಕು ವರ್ಷ ಹಗ್ಗ ಎಸೆದವನು. ಆ ದಡದಿಂದ ಈ ದಡಕ್ಕೆ ಹನ್ನೊಂದು ನಿಮಿಷ. ಅಷ್ಟರಲ್ಲೇ ಗಿಟಾರು ಹಿಡಿದು ಪದ ಕಟ್ಟುತ್ತಿದ್ದ. ಹಾಗಾಗಿ ಅವನ ಹಾಡುಗಳಲ್ಲಿ ಪ್ರೇಮಿಗಳು ಬೇಗಬೇಗ ಸಾಯುತ್ತಾರೆ. ಬಂದದ್ದು ಒಂದೇ ರೆಕಾರ್ಡು. ದೋಣಿಕಟ್ಟೆಯ ಅಂಗಡಿಯಲ್ಲಿ ಸಾಸೇಜಿನ ಪಕ್ಕ ಇಟ್ಟಿದ್ದರು, ಸಾಸೇಜು ಖರ್ಚಾಯಿತು. ಆದರೂ ಆಗಸ್ಟಿನಲ್ಲಿ ಸೀಗಡಿ ಊಟಕ್ಕೆ ಕೂತ ಊರು ಅವನ ಪದಗಳನ್ನೇ ಹಾಡುತ್ತದೆ. ಯಾರದ್ದೆಂದು ಹೊರಗಿನವರು ಕೇಳಿದರೆ, ಅಜ್ಜನ ಕಾಲದ್ದು ಎನ್ನುತ್ತದೆ.

ಹತ್ತು ದಿನಗಳ ಹಿಂದೆ ಅವನೇ ಬಂದು ಟೋರೆಯ ಕೈಗೆ ಪ್ರಕಟಣೆ ಕೊಟ್ಟಿದ್ದ: 'ಎಪ್ಪತ್ತನೇ ಹುಟ್ಟುಹಬ್ಬದಂದು ಊರಲ್ಲಿರುವುದಿಲ್ಲ. ಅಭಿನಂದನೆ ಬೇಡ.' ಊರಿನ ಮರ್ಯಾದಸ್ಥರೆಲ್ಲ ಹೀಗೇ ಹಾಕಿಸುತ್ತಾರೆ. ಹಾಕಿಸಿ, ಮನೆಗೆ ಹೋಗಿ ಬಿಸ್ಕತ್ತು ಬೇಯಿಸುತ್ತಾರೆ. ಊರೂ ಅದನ್ನೋದಿ ಹೂ ಹಿಡಿದು ಬರುತ್ತದೆ. 'ಬನ್ನಿ' ಎಂದು ಅಚ್ಚು ಹಾಕಿಸುವುದು ಬೀದಿಯಲ್ಲಿ ಬಟ್ಟೆ ಬಿಚ್ಚಿದಂತೆ.

"ಸೋಮವಾರ ಗಂಟಲು ಕೊಯ್ತಾರೆ," ಎನ್ನುತ್ತ ಸಿಕ್ಸ್‌ಟನ್ ಕಾಫಿ ಬಗ್ಗಿಸಿದ. ದನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಹೊಸ ಪದವೊಂದಿತ್ತು, ಅದನ್ನು ಊರವರ ಮುಂದೆ ಒಮ್ಮೆ ಹಾಡಿಬಿಡಬೇಕಿತ್ತು. ಗಂಟಲಿನ ವಿಷಯ ಮಾತ್ರ ಯಾರಿಗೂ ಹೇಳಕೂಡದು. ಮರುಕಪಟ್ಟು ಬಂದವರೆದುರು ತನಗೆ ಹಾಡಲು ಬರುವುದಿಲ್ಲ ಎಂದ.

ಟೋರೆ ಮೊಣಕಾಲಲ್ಲಿ ಕೆನೆ ಹೊತ್ತುಕೊಂಡೇ ಪಕ್ಕದ ಮನೆಗೆ ಓಡಿದ. ಮುದುಕಿ ಗುನ್ವೋರ್ ಕೂದಲು ಸುರುಳಿ ಮಾಡಿಸಿಕೊಂಡು, ಹೂಗುಚ್ಛ ಹಿಡಿದು, ಪರದೆಯ ಹಿಂದೆ ಬೆಳಗಿನಿಂದ ನಿಂತಿದ್ದಳು. ಕರೆದರೆ ಬರಲೊಲ್ಲಳು.

"ಪತ್ರಿಕೇಲಿ ಬೇಡ ಅಂದ್ರೂ ಎದುರ್ಮನೆ ಎಬ್ಬಾಳ ಹುಟ್ಟುಹಬ್ಬಕ್ಕೆ ನುಗ್ಗಿ ಮೂರು ತುಂಡು ಕೇಕ್ ತಿಂದ್ಲು ಅಂತ ನನ್ ಮೇಲೆ ಪದ ಕಟ್ಟಿದ್ದು ಅವ್ನೇ ತಾನೆ? ಮೂವತ್ತು ವರ್ಷ ಊರೆಲ್ಲ ಹಾಡಿದ್ದು ಸಾಲ್ದೇನಪ್ಪಾ?" ಎಂದಳು. ಆಮೇಲೆ, "ಅವತ್ತು ತಿಂದಿದ್ದು ಎರಡೇ," ಎಂದು ಸೇರಿಸಿದಳು.

ಇನ್ನೆರಡು ಮನೆಗಳಲ್ಲೂ ಅದೇ ಭಯ. ಇಂದು ಅವನ ಮನೆಗೆ ಹೋದವರು ನಾಳೆ ಅವನ ಪದದಲ್ಲಿರುತ್ತಾರೆ ಎಂದು ಊರು ನಂಬಿತ್ತು. ಇನ್ನು ಅವನು ಪದ ಹಾಡುವುದಿಲ್ಲ ಎಂದು ಹೇಳಲು ಟೋರೆ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮುಚ್ಚಿದ.

ಅವನೊಬ್ಬನೇ ವಾಪಸು ಬಂದುದನ್ನು ಕಂಡು ಸಿಕ್ಸ್‌ಟನ್ ಗಿಟಾರಿನ ತಂತಿ ಬಿಗಿದ. ಟೋರೆಗೂ ಮೂವತ್ತೊಂಬತ್ತು ಖಾಲಿ ಬಟ್ಟಲುಗಳಿಗೂ ಹಾಡತೊಡಗಿದ. ಎರಡನೇ ಚರಣದ ನಡುವೆ ದನಿ ನಿಂತುಹೋಯಿತು. ಬೆರಳುಗಳು ಮಾತ್ರ ಕೊನೆಯವರೆಗೂ ನುಡಿಸಿ, ನಿಂತವು.

ಟೋರೆ ಕೇಳಿದ: "ಅಲ್ಲ ಮಾರಾಯ, ಒಂದೇ ಒಂದು ಸಲ 'ಬನ್ನಿ' ಅಂತ ಬರೆಸಿದ್ರೆ ಏನಾಗ್ತಿತ್ತು?"

ಸಿಕ್ಸ್‌ಟನ್ ಬಿಸ್ಕತ್ತಿನ ತಟ್ಟೆಯನ್ನು ಅವನತ್ತ ಸರಿಸಿದ.

"ಈಗ ತಪ್ಪು ನಿಮ್ ಪತ್ರಿಕೇದು. 'ಬನ್ನಿ' ಅಂತ ಬರೆಸಿ ಯಾರೂ ಬರ್ದೇ ಇದ್ದಿದ್ರೆ, ತಪ್ಪು ನನ್ ಹಾಡಿನದ್ದಾಗ್ತಿತ್ತು."