ಅಕ್ಕೋರ ಪುಸ್ತಕದ ದವಾಖಾನಿ

ಅದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ನಾನು ಗೋಕಾಕಿಗೆ ಹೋಗಿ ಬಿ.ಎ.ಗೆ ಹೆಸರು ಹಚ್ಚಿ ಬಂದ ದಿನ, ಹಟ್ಟಿಯ ಮುಂದೆ ಕುರಿಯ ಗೊರಸು ಕೆರೆಯುತ್ತ ಕುಳಿತಿದ್ದವರು ತಲೆ ಎತ್ತದೆ ಹೇಳಿದ್ದರು: “ಕುರಿ ಹಿಂದ ಅಡ್ಡಾಡೂ ಕಾಲು ಇವು. ಕಾಲೇಜಿನ ಮೆಟ್ಟಲಾ ಹತ್ತಿದ್ರೂ ಹೊಳ್ಳಿ ಇಳದ ಬರ್ತಾವ. ಡಿಗ್ರಿ ನಮ್ಮ ಮನಿತನದಾಗ ಆಗೂ ಮಾತಲ್ಲ.”

ಹೋದ ತಿಂಗಳು ಮೂಡಲಗಿಯಲ್ಲಿ, ನಾನು ಕಲಿಸುವ ಶಾಲೆ ಬಿಟ್ಟ ಮೇಲೆ ಮನೆಗೆ ನಡೆದಿದ್ದೆ. ದಿನವೂ ಹಾಯುವ ಓಣಿಯೇ. ಅಲ್ಲೊಂದು ಮನೆಯ ಅಂಗಳದಲ್ಲಿ ಕಂಬಳಿಯ ನೂಲಿಗೆ ಹಚ್ಚಲು ಹುಣಸೆ ಬೀಜದ ಗಂಜಿ ಕುದಿಯುತ್ತಿತ್ತು. ಹುರಿದ ಬೀಜದ ಒಗರು, ಸ್ವಲ್ಪ ಹೊತ್ತಿದ ವಾಸನೆ. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿರುವ ಆ ವಾಸನೆಗೆ ನನಗೆ ನೆನಪಾಗಬೇಕಾದದ್ದು ನನ್ನ ಅವ್ವ. ನೆನಪಾದದ್ದು ಮಾತ್ರ ನಮ್ಮ ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಅಕ್ಕೋರು. ಹಿಡಿದಿದ್ದ ಉತ್ತರಪತ್ರಿಕೆಗಳ ಕಟ್ಟು ಭಾರವೆನಿಸಿ, ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಆದರೆ ಹೇಳಿಕೊಂಡಾಗಲೆಲ್ಲ ಒಂದು ಮಾತು ಗಂಟಲಲ್ಲೇ ಉಳಿಯುತ್ತದೆ. ಆ ಮಾತನ್ನು ಇವತ್ತು ಬರೆಯುತ್ತೇನೆ.

ಅಂಕಲಗಿಯಿಂದ ಆಚೆಗಿನ ನಮ್ಮ ಹಟ್ಟಿಯಿಂದ ಗೋಕಾಕಿಗೆ ಬೆಳಗಿನ ಬಸ್ಸು ಒಂದೇ. ಅದು ಕಾಲೇಜಿನ ಬಾಗಿಲು ತೆರೆಯುವ ಮೊದಲೇ ನನ್ನನ್ನು ಇಳಿಸಿ ಹೋಗುತ್ತಿತ್ತು. ಅಷ್ಟು ಹೊತ್ತಿಗೆ ಅಲ್ಲಿ ತೆರೆದಿರುತ್ತಿದ್ದದ್ದು ಗ್ರಂಥಾಲಯ ಮಾತ್ರ. ಗ್ರಂಥಾಲಯವೆಂದರೆ ಎರಡು ಕೋಣೆ, ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡಿನ ಬಾಜೂ. ಅಕ್ಕೋರು ಹುಕ್ಕೇರಿಯಿಂದ ಮೊದಲ ಬಸ್ಸು ಹಿಡಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಕಸ ಹೊಡೆಯುತ್ತಿದ್ದರು. ಅವರ ನೌಕರಿ ಕಾಯಂ ಅಲ್ಲ, ವರ್ಷ ವರ್ಷ ಹೊಸದಾಗಿ ಆದೇಶ ಬರಬೇಕು. ಮದುವೆಯಾಗಿರಲಿಲ್ಲ. ಹುಕ್ಕೇರಿಯಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಇದ್ದರು. ನಕ್ಕದ್ದು ಕಡಿಮೆ. ದಣಿದವರಂತೆ ಕಾಣುತ್ತಿದ್ದರು… ಈಗ ಲೆಕ್ಕ ಹಾಕಿದರೆ ಆಗ ಅವರಿಗೆ ನನ್ನ ಈಗಿನ ವಯಸ್ಸೇ ಇದ್ದಿರಬೇಕು.

ಬಾಗಿಲ ಹತ್ತಿರ ಅವರದೊಂದು ಮೇಜು ಇತ್ತು. ತಿಂಗಳಿಗೊಂದು ವಿಷಯ ಹಿಡಿದು ಅದರ ಮೇಲೆ ಪುಸ್ತಕ ಜೋಡಿಸುತ್ತಿದ್ದರು. ಬರೀ ಪುಸ್ತಕ ಇಟ್ಟರೆ ಯಾರೂ ನೋಡುವುದಿಲ್ಲವೆಂದು ಪಕ್ಕದಲ್ಲಿ ಒಂದೊಂದು ಸಾಮಾನನ್ನೂ ಇಡುವುದು ಅವರ ಪದ್ಧತಿ. ನೀರಿನ ಪುಸ್ತಕಗಳ ಪಕ್ಕ ಹಿಡಕಲ್ ಡ್ಯಾಮಿನ ನೀರು ತುಂಬಿದ ಬಾಟಲಿ, ಬೇಸಾಯದ ಪುಸ್ತಕಗಳ ಪಕ್ಕ ಕೊಣ್ಣೂರಿನ ಹುಡುಗಿಯೊಬ್ಬಳು ತಂದ ಕಬ್ಬಿನ ಗಣಿಕೆ. ಸಂತೆಯ ದಿನ ರಸ್ತೆ ಕಡೆಯ ಬಾಗಿಲನ್ನೂ ತೆರೆದು, ಬಸ್ಸಿಗೆ ಕಾಯುವ ಹಳ್ಳಿಯ ಮಂದಿಯನ್ನು ಒಳಗೆ ಕರೆಯುತ್ತಿದ್ದರು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಗುಡಿಯೊಳಗೆ ಬಂದಂತೆ ಕೈ ಕಟ್ಟಿ ನಿಲ್ಲುತ್ತಿದ್ದರು. “ಚಪ್ಪಲಿ ಹಾಕ್ಕೊಂಡ ಬರ್ರಿ” ಎಂದು ಅಕ್ಕೋರು ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿದರು. ಬಂದವರಲ್ಲಿ ಮುಕ್ಕಾಲು ಮಂದಿಗೆ ಓದಲು ಬರುತ್ತಿರಲಿಲ್ಲ. ಕೊನೆಗೆ ಅಕ್ಕೋರು ಸೋತು, ಹೊರಗಿನ ಚಪ್ಪಲಿ ಜೋಡಿ ಎಣಿಸಿ, ಇವತ್ತು ಇಷ್ಟು ಮಂದಿ ಬಂದಿದ್ದರೆಂದು ವಹಿಯಲ್ಲಿ ಬರೆಯುತ್ತಿದ್ದರು.

ಕುರಿ, ಉಣ್ಣೆಯ ವಿಷಯ ಬಂದ ತಿಂಗಳು ನಾನು ಅವ್ವನನ್ನು ಕರೆದುಕೊಂಡು ಹೋದೆ. ಸಂತೆಗೆ ಬಂದವಳು ಒಂದು ತಾಸು ಅಲ್ಲಿ ಕುಳಿತು ಕದರಿನಲ್ಲಿ ಉಣ್ಣೆ ನೂತು ತೋರಿಸಿದಳು. ಡಬ್ಬಿಯಲ್ಲಿ ತಂದಿದ್ದ ಹುಣಸೆ ಬೀಜದ ಗಂಜಿಯನ್ನೂ ತೋರಿಸಿದಳು. ಅಕ್ಕೋರು ಬೆರಳಲ್ಲಿ ಮುಟ್ಟಿ ನೋಡಿ, ಇದರಿಂದ ಕಾಗದ ಅಂಟುತ್ತದೆಯೇ ಎಂದು ಕೇಳಿದರು.

“ಕಾಗದಾ?” ಅವ್ವ ನಕ್ಕಳು. “ಅಕ್ಕೋರ, ಇದನ್ನ ಹಚ್ಚಿದ ಕಂಬಳಿ ನನ್ನ ಮಾವನ ಜೋಡಿ ಮೂವತ್ತ ಮಳಿಗಾಲ ತೊಯ್ದೈತ್ರಿ. ಮಾವ ಹ್ವಾದ, ಕಂಬಳಿ ಐತಿ.”

ಪುಸ್ತಕದ ದವಾಖಾನಿ ಹುಟ್ಟಿದ್ದು ಹಾಗೆ. ಬೆನ್ನು ಹರಿದು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪುಸ್ತಕಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ರಿಪೇರಿ ಮಾಡಿಸುವ ಕಾರ್ಯಕ್ರಮ. ಬಾಗಿಲಿಗೆ ಆ ಹೆಸರಿನ ಫಲಕ ಹಚ್ಚಿದರು. ಹುಡುಗಿಯರು ಪುಸ್ತಕದ ನಾಡಿ ಹಿಡಿದು “ಜ್ವರ ಭಾಳ ಐತ್ರಿ ಡಾಕ್ಟರ” ಎಂದು ಚೇಷ್ಟೆ ಮಾಡುತ್ತಿದ್ದರು. ಅಕ್ಕೋರು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಆ ವಾರ ಮಾತ್ರ. ಗಂಜಿ ಕಾಸಿ ತರುವ ಕೆಲಸ ನನ್ನದಾಯಿತು. ಅಕ್ಕೋರು ನನ್ನ ಕೈಗೆ ಒಂದು ಸಣ್ಣ ಪೊಟ್ಟಣ ಕೊಟ್ಟರು. ಅದರಲ್ಲಿ ಮೈಲುತುತ್ತದ ನೀಲಿ ಹರಳು.

“ಕುದಿಯೂ ಮುಂದ ಒಂದ ಚಿಟಿಕಿ ಹಾಕು. ಇಲ್ಲಂದ್ರ ಹುಳಾ ಬಿಡೂದಿಲ್ಲ,” ಎಂದರು.

ನಾನು ಹಾಕಲಿಲ್ಲ.

ಮರೆತದ್ದಲ್ಲ. ಮೈಲುತುತ್ತ ನಮ್ಮ ಹಟ್ಟಿಗೆ ಹೊಸದಲ್ಲ. ಗೊರಸು ಕೊಳೆತ ಕುರಿಗೆ ನೀರಿನಲ್ಲಿ ಕಲಸಿ ಹಚ್ಚುತ್ತೇವೆ. ಆದರೆ ಕುರಿಯ ಹೊಟ್ಟೆಗೆ ಹೋದರೆ ಅದು ವಿಷ. ನಮ್ಮಲ್ಲಿ ಗಂಜಿ ಕಾಸುವ ಗಡಿಗೆ ಒಂದೇ, ತಳದಲ್ಲಿ ಉಳಿದದ್ದನ್ನು ಮರಿಗಳ ಮುಂದೆ ಇಡುತ್ತೇವೆ, ಅವು ನೆಕ್ಕಿ ಸ್ವಚ್ಛ ಮಾಡುತ್ತವೆ. ಆ ಗಡಿಗೆಗೆ ಮೈಲುತುತ್ತ ಹಾಕುವವರು ನಮ್ಮ ಜಾತಿಯಲ್ಲೇ ಹುಟ್ಟಿಲ್ಲ. ಬೇರೆ ಪಾತ್ರೆ ಹುಡುಕಬಹುದಿತ್ತು, ಅಕ್ಕೋರಿಗೆ ಕಾರಣ ಹೇಳಬಹುದಿತ್ತು. ಮರಿಗಳ ಎಂಜಲು ಗಡಿಗೆಯಲ್ಲಿ ಕಾಲೇಜಿನ ಗಂಜಿ ಕಾಸುತ್ತೇನೆ ಎಂದು ಹೇಳಲು ನಾಚಿಕೆ. ಕಂಬಳಿಗೆ ಹತ್ತದ ಹುಳ ಪುಸ್ತಕಕ್ಕೆ ಹತ್ತುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೊಟ್ಟಣವನ್ನು ಬಿಚ್ಚದೆ ಗ್ರಂಥಾಲಯದ ಮೇಜಿನ ಖಾನೆಯಲ್ಲಿ, ಹಳೆಯ ವಹಿಗಳ ಕೆಳಗೆ ತುರುಕಿದೆ.

“ಹಾಕೀ ಇಲ್ಲವಾ?” ಗಂಜಿ ತಂದ ದಿನ ಅಕ್ಕೋರು ಕೇಳಿದರು.

“ಹಾಕೇನ್ರಿ.”

ರಿಪೇರಿಯಾದ ಪುಸ್ತಕಗಳನ್ನು ಹೊರಗಿನಿಂದ ಬರುವ ತಪಾಸಣೆಯ ತಂಡಕ್ಕೆ ತೋರಿಸಬೇಕೆಂದು ಪ್ರಾಚಾರ್ಯರಿಗೆ ಆಸೆಯಾಯಿತು. ಅಲ್ಲಿಯವರೆಗೆ ಯಾರೂ ಮುಟ್ಟಬಾರದೆಂದು ಕಾಗದ ಸುತ್ತಿಸಿ ಕಪಾಟಿನಲ್ಲಿ ಇಡಿಸಿದರು. ತಂಡ ಇಂದು ಬಂತು, ನಾಳೆ ಬಂತು ಎನ್ನುತ್ತ ಎರಡು ಸಲ ಮುಂದೆ ಹೋಯಿತು. ಮಳೆಗಾಲ ಮುಗಿಯಿತು, ಚಳಿ ಮುಗಿಯಿತು. ಕೊನೆಯ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಾಗ ತಂಡದ ದಿನ ಗಟ್ಟಿಯಾಯಿತು. ಹಿಂದಿನ ದಿನ ಮೇಜಿನ ಮೇಲೆ ಜೋಡಿಸಲೆಂದು ಅಕ್ಕೋರು ಕಪಾಟು ತೆರೆದು ಮೊದಲ ಕಟ್ಟು ಬಿಚ್ಚಿದರು. ಕಾಗದದೊಳಗಿಂದ ಪುಡಿ ಸುರಿಯಿತು. ನಾವು ಗಂಜಿ ಹಚ್ಚಿದ ಜಾಗವನ್ನೆಲ್ಲ, ಆ ಜಾಗವನ್ನೇ, ಹುಳ ತಿಂದಿದ್ದವು. ಎರಡನೆಯ ಕಟ್ಟೂ ಹಾಗೆ. ಮೂರನೆಯದೂ… ಮತ್ತೆ ಎಲ್ಲೂ ಸಿಗದ, ಜಿಲ್ಲೆಯ ಹಳೆಯ ಗೆಜೆಟಿಯರ್ ಸಂಪುಟಗಳೂ ಅದರಲ್ಲಿದ್ದವು.

ಪ್ರಾಚಾರ್ಯರು ಬಂದರು. ಹಿಂದೆಯೇ ಹೆಡ್ ಕ್ಲಾರ್ಕ್ ಬಂದು, “ಏನ್ರಿ ಅಕ್ಕೋರ, ನಿಮ್ಮ ದವಾಖಾನ್ಯಾಗ ಪೇಶಂಟ್ ಒಬ್ಬನೂ ಉಳದಿಲ್ಲಲ್ರಿ. ಹುಳಕ್ಕ ಗಂಜಿ ಊಟಾ ಹಾಕೀರಿ,” ಎಂದರು.

“ಆ ಗಂಜಿ ಕಾಸಿದವರು ಯಾರು?” ಪ್ರಾಚಾರ್ಯರು ಕೇಳಿದರು. “ವಿದ್ಯಾರ್ಥಿ ಆಗಿದ್ರ ನೋ ಡ್ಯೂ ಕೊಡಬ್ಯಾಡ್ರಿ.”

ನೋ ಡ್ಯೂ ಎಂದರೆ ಗ್ರಂಥಾಲಯದ ಬಾಕಿ ಏನೂ ಇಲ್ಲವೆಂದು ಬರೆದುಕೊಡುವ ಚೀಟಿ. ಅದಿಲ್ಲದೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದೆ ಪರೀಕ್ಷೆ ಇಲ್ಲ. ಬೇರೆಯವರಿಗಾದರೆ ಆರು ತಿಂಗಳು ತಡ. ನನಗೆ ಹಾಗಲ್ಲ. ಒಂದು ಸಲ ತಪ್ಪಿದರೂ ಓದು ಅಲ್ಲಿಗೇ ಬಿಡಿಸುತ್ತೇನೆಂದು ಅಪ್ಪ ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದ. ಸೋದರಮಾವನ ಮನೆಯವರು ಹೆಣ್ಣು ಕೇಳಿ ಹೋಗಿದ್ದರು. ನಾನು ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದೆ. “ನಾನ್ರಿ” ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ನಾನು ಸುಮ್ಮನಿದ್ದೆ.

“ನಾನ ಕಾಸೇನ್ರಿ,” ಎಂದರು ಅಕ್ಕೋರು. “ಹುಡುಗ್ಯಾರು ಬರೇ ಹಚ್ಚ್ಯಾರ.”

ಅದನ್ನೇ ಬರೆದುಕೊಡಲು ಪ್ರಾಚಾರ್ಯರು ಹೇಳಿದರು. ಅಕ್ಕೋರು ಬರೆದು, ಕೆಳಗೆ ಸಹಿ ಹಾಕಿದರು.

ತಂಡ ಬಂದು ಹೋದ ಮೇಲೆ ನನ್ನ ಚೀಟಿಗೆ ಸಹಿ ಮಾಡಿಸಲು ಹೋದೆ. ಅಕ್ಕೋರು ಮೇಜಿನ ಖಾನೆ ಎಳೆದು ಶಿಕ್ಕಾ ತೆಗೆದರು. ಖಾನೆಯಲ್ಲಿ ವಹಿಗಳೆಲ್ಲ ಹೊಸದಾಗಿ ಜೋಡಿಸಿದ್ದವು. ಅವುಗಳ ಮೇಲೆ, ಕಣ್ಣಿಗೆ ಕಾಣುವ ಹಾಗೆ, ಆ ಮೈಲುತುತ್ತದ ಪೊಟ್ಟಣ. ದಾರ ಬಿಚ್ಚಿರಲಿಲ್ಲ. ಯಾವಾಗ ಸಿಕ್ಕಿತ್ತೋ ಅವರಿಗೆ, ಪ್ರಾಚಾರ್ಯರು ಬರುವ ಮೊದಲೋ, ಆಮೇಲೋ… ಕೇಳಲು ನನಗೆ ಬಾಯಿ ಬರಲಿಲ್ಲ. ಶಿಕ್ಕಾ ಒತ್ತಿ ಚೀಟಿ ನನ್ನ ಕಡೆ ಸರಿಸಿ, “ಪರೀಕ್ಷಾ ಚಲೋ ಬರಿಯವಾ,” ಎಂದರು. ಅಷ್ಟೇ. ಪೊಟ್ಟಣದ ಮಾತು ಅವರೂ ಎತ್ತಲಿಲ್ಲ.

ಪರೀಕ್ಷೆ ಬರೆದೆ, ಪಾಸಾದೆ. ಫಲಿತಾಂಶ ಬಂದ ದಿನ ದೊಡ್ಡಪ್ಪ ಊರಲ್ಲಿರಲಿಲ್ಲ, ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಅಕ್ಕೋರಿಗೆ ಆ ವರ್ಷ ಹೊಸ ಆದೇಶ ಬರಲಿಲ್ಲ. ಅಂಕಪಟ್ಟಿ ತರಲು ಹೋದಾಗ ಅವರ ಕುರ್ಚಿಯಲ್ಲಿ ಬೇರೆಯವರಿದ್ದರು, ಬಾಗಿಲ ಹತ್ತಿರದ ಮೇಜು ಇರಲಿಲ್ಲ. ಹುಕ್ಕೇರಿಗೆ ಹೋಗಿ ಬರಬೇಕು ಎಂದುಕೊಂಡೆ. ಬಿ.ಎಡ್. ಬಂತು, ನೌಕರಿ ಬಂತು, ಮೂಡಲಗಿಯಲ್ಲಿ ಮನೆಯಾಯಿತು, ಮಕ್ಕಳಾದವು. ಪುರುಸೊತ್ತು ಸಿಗಲಿಲ್ಲ ಎಂದು ಹೇಳುತ್ತ ಬಂದೆ. ಸುಳ್ಳು. ಹೋದರೆ ಆ ಪೊಟ್ಟಣದ ಮಾತು ಆಡಬೇಕಾಗುತ್ತದೆ, ಅದಕ್ಕೇ ಹೋಗಲಿಲ್ಲ. ಹನ್ನೆರಡು ವರ್ಷ ಹಾಗೇ ಹೋದವು.

ಗಂಜಿಯ ವಾಸನೆ ಬಂದ ಮರುವಾರ ಗೋಕಾಕಿಗೆ ಹೋದೆ. ಪದವಿಯ ಮೂಲ ಪ್ರಮಾಣಪತ್ರ ಇನ್ನೂ ಕಾಲೇಜಿನಲ್ಲೇ ಇತ್ತು. ಇಷ್ಟು ದಿನ ಅಂಕಪಟ್ಟಿಯ ಮೇಲೇ ಕೆಲಸ ನಡೆದಿತ್ತು. ಅದನ್ನು ತೆಗೆದುಕೊಂಡು ನೇರ ಅಕ್ಕೋರ ಮುಂದೆ ಹೋಗಿ ನಿಲ್ಲಬೇಕೆಂದು ಗಟ್ಟಿ ಮಾಡಿದ್ದೆ. ಕಚೇರಿಯಲ್ಲಿದ್ದ ಹಳೆಯ ಸಿಪಾಯಿ ಕಾಕಾ ನನ್ನ ಗುರುತು ಹಿಡಿದರು. ಅಕ್ಕೋರ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದೆ. ಕಾಕಾ ಕೈಯಲ್ಲಿದ್ದ ಫೈಲು ಮೇಜಿನ ಮೇಲಿಟ್ಟರು.

“ಮನಿ ಹೇಳ್ತೇನಿ. ಅವರಿಲ್ಲ ತಂಗಿ. ಹ್ವಾದ ವರ್ಷ ತೀರಿಕೊಂಡ್ರು.”

ಆದರೂ ಹುಕ್ಕೇರಿಯ ಬಸ್ಸು ಹತ್ತಿದೆ. ಯಾಕೆ ಹತ್ತಿದೆನೋ ಗೊತ್ತಿಲ್ಲ. ಅಷ್ಟು ದೂರ ಅವರು ದಿನಾ ನಿಂತುಕೊಂಡು ಬರುತ್ತಿದ್ದರಲ್ಲ ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಬಾಗಿಲು ತೆರೆದವರು ಅಕ್ಕೋರ ಅಕ್ಕ. ತಂಗಿಯದೇ ಹಣೆ, ತಂಗಿಯದೇ ದಣಿದ ಕಣ್ಣು. ಗೋಕಾಕಿನ ಕಾಲೇಜಿನಲ್ಲಿ ಅಕ್ಕೋರ ವಿದ್ಯಾರ್ಥಿನಿ ಎಂದೆ, ಹೆಸರು ಹೇಳಿದೆ. ಒಳಗೆ ಕರೆದು ನೀರು ಕೊಟ್ಟರು. ನನಗೆ ಬೇರೆ ಏನು ಮಾಡಬೇಕೋ ತಿಳಿಯದೆ ಚೀಲದಿಂದ ಪ್ರಮಾಣಪತ್ರ ತೆಗೆದು ಅವರ ಎರಡೂ ಕೈಗಳಲ್ಲಿ ಇಟ್ಟೆ. “ಆ ಗಂಜಿ ಕಾಸಿದಾಕಿ ನಾನ್ರಿ. ಮೈಲುತುತ್ತಾ ನಾನ ಹಾಕಿರಲಿಲ್ಲ. ಅಕ್ಕೋರಿಗೆ ಸುಳ್ಳ ಹೇಳಿದ್ದೆ,” ಎಂದೆ.

ಅವರು ಕನ್ನಡಕ ಹುಡುಕಿ ಹಾಕಿಕೊಂಡು ನನ್ನ ಹೆಸರನ್ನು ಬೆರಳಿಟ್ಟು ಓದಿದರು.

“ಗೊತ್ತೈತಿ,” ಎಂದರು. “ನೌಕರಿ ಹ್ವಾದಾಗ ಆಕಿ ಭಾಳ ಅತ್ಲು. ಸುಳ್ಳ ಯಾಕ ಹೇಳಲಿ. ಖರೆ, ನಿನ್ನ ರಿಸಲ್ಟ್ ಬಂದ ದಿನಾ ಕಾಲೇಜಿಗೆ ಫೋನ್ ಹಚ್ಚಿ, ಆ ಹುಡುಗಿ ಪಾಸಾದ್ಲೇನ್ರಿ ಅಂತ ಕೇಳಿದ್ಲು. ನೀ ಪಾಸಾಗಿದ್ದು ಆಕಿಗೆ ತಿಳದಿತ್ತು…”

ಕಾಗದವನ್ನು ನನ್ನ ಕೈಗೆ ಮರಳಿ ಕೊಟ್ಟು, ಕನ್ನಡಕ ತೆಗೆದರು.

“ಒಂದ ಸಲಾ ಬಂದು ಮಾರಿ ತೋರಿಸಿ ಹೋಗಬೇಕಾಗಿತ್ತವಾ ನೀ.”