ಖುರ್ಷೀದ್ ಮಿಸ್ಸಿನ ಹುಬ್ಬು

ಶ್ರೀನಿವಾಸಪುರದಿಂದ ಆಂಧ್ರದ ಗಡಿ ಕಡೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಖುರ್ಷೀದ್ ಬೇಗಂ ಅವರದು. ಯಾರೂ ಬರೆದುಕೊಟ್ಟಿದ್ದಲ್ಲ, ಆದರೆ ಅಲ್ಲಿ ಕೂತವರು ಅವರನ್ನು ಕಂಡ ಕೂಡಲೇ ಎದ್ದುಬಿಡುತ್ತಾರೆ. ಏಳುವವರಲ್ಲಿ ಅರ್ಧ ಜನ ಅವರ ಹತ್ತಿರವೇ ಕಲಿತವರು. ದಾರಿಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಹೇಳುತ್ತಲೇ ಅವರ ತಲೆ ಬೆಳ್ಳಗಾಗಿದೆ. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ, ಮಕ್ಕಳ ಬಾಯಲ್ಲಿ ತೆಲುಗು. ಮೂರರಲ್ಲೂ ಅವರು ಚೆನ್ನಾಗಿ ಗದರಬಲ್ಲರು.

ಅವರ ಪಾಠದಲ್ಲಿ ಗುಟ್ಟೇನೂ ಇಲ್ಲ. ಮೊದಲು ಬೋರ್ಡಿನ ಮೇಲೆ ತಾವೇ ಮಾಡಿ ತೋರಿಸುವುದು, ಆಮೇಲೆ ಮಕ್ಕಳ ಜೊತೆ ಸೇರಿ ಮಾಡುವುದು, ಕೊನೆಗೆ ಮಕ್ಕಳೇ ಮಾಡುವುದು. ನಡುವೆ ಪ್ರಶ್ನೆ ಕೇಳಿ ಕೈ ಎತ್ತುತ್ತಾರೆ. ಕೈ ಮೇಲಿರುವವರೆಗೆ ತುಟಿ ಪಿಟಕ್ಕೆನ್ನಕೂಡದು, ಕೈ ಇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ಉತ್ತರ ಹೇಳಬೇಕು. ತಪ್ಪಿದರೆ ಅಲ್ಲೇ ತಿದ್ದಿ ಮತ್ತೆ ಕೇಳುತ್ತಾರೆ. "ನನ್ನ ಕಡೆ ನೋಡಿ, ನನ್ನ ಮುಖಾನೇ ನೋಡಿ" ಎನ್ನುವುದು ಅವರ ಬಾಯಿಪಾಠ. ಆ ಒಂದೇ ದನಿ ರಸ್ತೆವರೆಗೂ ಕೇಳಿಸುತ್ತಿತ್ತು, ಅದನ್ನು ಕೇಳಿ ಖುರ್ಷೀದ್ ಅವರ ಎದೆ ಉಬ್ಬುತ್ತಿತ್ತು.

ಪಕ್ಕದ ತರಗತಿಯ ಭೀಮರಾಜ್ ಮೇಷ್ಟ್ರಿಗೆ ಇದು ಹಿಡಿಸದು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು.

"ಇದು ಗಿಣಿಪಾಠ ಅಲ್ವಾ ಮೇಡಂ? ಮಕ್ಕಳು ತಾವೇ ಕಂಡ್ಕೋಬೇಕು" ಎಂದ ಒಮ್ಮೆ.

"ಈಜು ಬರದವನನ್ನ ಬಾವಿಗೆ ತಳ್ಳಿ, ನೀನೇ ಕಂಡ್ಕೊಳೋ ಅಂತೀಯೇನಪ್ಪ?" ಎಂದು ಇವರು ಬಾಯಿ ಮುಚ್ಚಿಸಿದ್ದರು.

ಈ ಜಗಳ ಹೆಡ್‌ಮಾಸ್ಟರ್ ಗಂಗುಲಪ್ಪನವರ ಕಿವಿಗೆ ಬಿತ್ತು. ಅವರು ಅಳೆದೂ ಸುರಿದೂ ಒಂದು ದಾರಿ ಹುಡುಕಿದರು. ಸುತ್ತಲ ಶಾಲೆಗಳ ಮೇಷ್ಟ್ರುಗಳು ಶುಕ್ರವಾರ ಬಂದು ಖುರ್ಷೀದ್ ಅವರ ಭಿನ್ನರಾಶಿ ಪಾಠ ನೋಡುವುದು. ಮೆಚ್ಚಿದರೆ ಸರಿ, ಇಲ್ಲದಿದ್ದರೆ ಐದನೇ ತರಗತಿಯ ಗಣಿತ ಇನ್ನು ಮೇಲೆ ಭೀಮರಾಜನದು. ಖುರ್ಷೀದ್ ಅವರಿಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಈ ಕೊನೆಗಾಲದಲ್ಲಿ ಚಾಕ್‌ಪೀಸ್ ಕಿತ್ತುಕೊಂಡರೆ ಆ ಮುಖ ಹೊತ್ತು ಬಸ್ ಹತ್ತುವುದು ಹೇಗೆ? ಆದರೂ ಅವರು ಹೆದರಲಿಲ್ಲ. ಅವರ ಮಕ್ಕಳಿಗೆ ಭಿನ್ನರಾಶಿ ನೀರು ಕುಡಿದಷ್ಟು ಸಲೀಸು.

ಅಷ್ಟರಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಗಿ ಅವರು ಕೆಲವು ದಿನ ರಜೆ ಹಾಕಬೇಕಾಯಿತು. ಸೋಮವಾರ ಶಾಲೆಗೆ ಮರಳಿದಾಗ ಹುಬ್ಬನ್ನೂ ನುಂಗಿದ ದೊಡ್ಡ ಕಪ್ಪು ಕನ್ನಡಕ ಮುಖದ ಮೇಲಿತ್ತು. ಬೋರ್ಡಿನ ಮೇಲೆ ಮೂರನೇ ಒಂದು, ನಾಲ್ಕನೇ ಒಂದು ಬರೆದು, ಯಾವುದು ದೊಡ್ಡದು ಎಂದು ಕೇಳಿ ಕೈ ಎತ್ತಿ ಇಳಿಸಿದರು.

ಒಂದು ದನಿಯ ಬದಲು ಸಂತೆಯ ಗದ್ದಲ ಕೇಳಿಸಿತು. ಕೆಲವರು ಮೂರು ಎಂದರು, ಕೆಲವರು ನಾಲ್ಕು ಎಂದರು, ಉಳಿದವರು ಬಾಯಿ ಮಾತ್ರ ಆಡಿಸಿದರು.

"ಏನ್ರೋ ಇದು? ರಜೆಯಲ್ಲಿ ಎಲ್ಲಾ ತೊಳ್ಕೊಂಡ್ ಬಂದ್ರಾ?"

ಮುಂದಿನ ಸಾಲಿನ ಶ್ರಾವಣಿ ನಿಜಕ್ಕೂ ಅರ್ಥವಾಗದೆ ಕೇಳಿದಳು: "ಮಿಸ್, ನಿಮ್ ಕಣ್ಣೇ ಕಾಣ್ಸಲ್ವಲ್ಲ, ಹೆಂಗ್ ಹೇಳೋದು?"

ಮಕ್ಕಳು ಯಾರೂ ನಗಲಿಲ್ಲ. ಅವರಿಗೆಲ್ಲ ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಖುರ್ಷೀದ್ ಬರೆದದ್ದನ್ನು ಒರೆಸಿಬಿಟ್ಟರು. ಆದರೆ ಸಂಕಟದ ಹಿಂದೆಯೇ ಕುತೂಹಲವೂ ಹುಟ್ಟಿತು. ನನ್ನ ಮುಖದಲ್ಲಿ ಅಂಥದ್ದೇನಿದೆ?

ಸಂಜೆ ಮನೆಗೆ ಹೋದವರೇ ಗಂಡ ಲಿಯಾಖತ್ ಅವರನ್ನು ಎದುರಿಗೆ ಕೂರಿಸಿಕೊಂಡರು. ಬಳೆ ವ್ಯಾಪಾರದ ಲಿಯಾಖತ್‌ಗೆ ಶಾಲೆಯೆಂದರೆ ಎಳೆತನದಿಂದಲೂ ಆಗದು. ಖುರ್ಷೀದ್ ಎರಡು ಭಿನ್ನರಾಶಿ ಬರೆದು, ಕನ್ನಡಕ ಒಂದು ಗಳಿಗೆ ತೆಗೆದು, ದೊಡ್ಡದು ಯಾವುದು ಹೇಳಿ ಎಂದರು. ಲಿಯಾಖತ್ ಬೆರಳನ್ನು ಒಂದರ ಮೇಲಿಟ್ಟು ಹೆಂಡತಿಯ ಮುಖ ನೋಡಿದರು, ಇನ್ನೊಂದರ ಮೇಲಿಟ್ಟು ನೋಡಿದರು. "ಇದು" ಎಂದರು. ಸರಿಯಾಗಿತ್ತು. ಮತ್ತೆ ಬರೆದರು, ಮತ್ತೆ ಸರಿ.

"ನಿಮಗೆ ಹೆಂಗ್ರೀ ಗೊತ್ತು?"

"ಲೆಕ್ಕ ಯಾರಿಗೆ ಗೊತ್ತು? ಸರಿಯಾದ್ದರ ಮೇಲೆ ಬೆರಳಿಟ್ರೆ ನಿನ್ನ ಎಡ ಹುಬ್ಬು ಮೇಲೆ ಹೋಗುತ್ತೆ. ಮದುವೆ ಆದಾಗಿನಿಂದ ನಾನು ಬಾಳ್ತಿರೋದೇ ಆ ಹುಬ್ಬು ನೋಡ್ಕೊಂಡು!"

ಖುರ್ಷೀದ್ ನಕ್ಕರು, ಮರುಗಳಿಗೆ ನಗು ನಿಂತಿತು. ಬೋರ್ಡಿನ ಮೇಲಿನದನ್ನು ತಾವು ಒಂದೊಂದಾಗಿ ಓದುವಾಗ, ಸರಿ ಉತ್ತರ ಬಂದ ಕಡೆ ಈ ಹುಬ್ಬು ತಾನಾಗಿ ಏರುತ್ತಿದ್ದಿರಬೇಕು. ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡುವಾಗಲೂ ಮಕ್ಕಳು ಹೀಗೇ ಬೆರಳಿಟ್ಟು ತಲೆ ಎತ್ತಿ ನೋಡುತ್ತಿದ್ದುದು ನೆನಪಾಯಿತು. ಅದು ತಮ್ಮ ಮೇಲಿನ ಗೌರವ ಎಂದುಕೊಂಡಿದ್ದರು. ಹಾಗಾದರೆ ಭೀಮರಾಜ್ ಗಿಣಿಪಾಠ ಎಂದಿದ್ದು ನಿಜವೇ? ಇಲ್ಲ, ಗಿಣಿಗೆ ಇಷ್ಟು ಜಾಣತನವೆಲ್ಲಿ? ಮಿಸ್ಸಿನ ಮುಖ ನೋಡಿ ಎಂದು ಕಲಿಸಿದ್ದನ್ನು ಮಕ್ಕಳು ಚಾಚೂ ತಪ್ಪದೆ ಕಲಿತಿದ್ದರು. ಏನು ಕಲಿಸುತ್ತಿದ್ದೇನೆಂದು ಕಲಿಸಿದವರಿಗೇ ಗೊತ್ತಿರಲಿಲ್ಲ, ಅಷ್ಟೇ.

ಮಂಗಳವಾರ ಮನೆಯಿಂದ ರೊಟ್ಟಿ ಕಟ್ಟಿಕೊಂಡು ಹೋದರು. ಒಂದನ್ನು ಮೂರು ಜನಕ್ಕೆ ಹರಿದರು, ಇನ್ನೊಂದನ್ನು ನಾಲ್ಕು ಜನಕ್ಕೆ. ನಾನು ಮಾಡ್ತೀನಿ, ನಾವು ಮಾಡೋಣ, ನೀವು ಮಾಡಿ ಎಂದು ಮೊದಲಿನಿಂದ ಶುರು ಮಾಡಿದರು. ಬುಧವಾರಕ್ಕೆ ಕೆಲವರಿಗೆ ಹತ್ತಿತು, ಕೆಲವರಿಗೆ ಇಲ್ಲ. ಗುರುವಾರ ಕೋಲಾರದ ಡಾಕ್ಟರು ಕಣ್ಣು ನೋಡಿ ಹೇಳಿದರು: "ವಾಸಿಯಾಗಿದೆ ಅಮ್ಮ, ಕನ್ನಡಕ ತೆಗೀಬಹುದು."

ಮಾತು ಕೇಳಿ ಅವರ ಜೀವ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ನಾಳೆ ಬರೀ ಮುಖದಲ್ಲಿ ಬೋರ್ಡಿನ ಮುಂದೆ ನಿಂತರೆ ಸಾಕು, ಆ ಒಂದೇ ದನಿ ಮತ್ತೆ ರಸ್ತೆಗೆ ಕೇಳಿಸುತ್ತದೆ. ಗಂಗುಲಪ್ಪ ಚಪ್ಪಾಳೆ ತಟ್ಟುತ್ತಾರೆ. ತರಗತಿ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಶುಕ್ರವಾರ ಬಂದ ಮೇಷ್ಟ್ರುಗಳು, ಗಂಗುಲಪ್ಪ, ಭೀಮರಾಜ್ ಎಲ್ಲರೂ ತರಗತಿಯ ಹಿಂದೆ ಸಾಲಾಗಿ ಕೂತರು. ಖುರ್ಷೀದ್ ಐದನೇ ಒಂದು, ಏಳನೇ ಒಂದು ಎಂದು ಬರೆದರು. ಈ ಜೋಡಿಯನ್ನು ಮಕ್ಕಳಿಗೆ ಎಂದೂ ಕೊಟ್ಟಿರಲಿಲ್ಲ. ಮಕ್ಕಳ ಕಣ್ಣುಗಳು ಅವರ ಹುಬ್ಬಿನ ಮೇಲೆ ಹತ್ತಿ ಕೂತವು. ಅವರು ಚಾಕ್‌ಪೀಸ್ ಇಟ್ಟು, ಬೆಂಚುಗಳ ನಡುವೆ ನಡೆದು, ಹಿಂದಿನ ಗೋಡೆಗೆ ಒರಗಿ ನಿಂತರು.

"ತಿರುಗಬೇಡಿ. ಬೋರ್ಡ್ ನೋಡಿ. ನಾನು ಬೆಂಚು ತಟ್ಟಿದಾಗ ಹೇಳಿ, ಯಾವುದು ದೊಡ್ಡದು?"

ತಟ್ಟಿದರು.

"ಏಳನೇ ಒಂದು!" ಎಂದಿತು ತರಗತಿ.

ಮೇಷ್ಟ್ರುಗಳಲ್ಲಿ ಯಾರೋ ಕಿಸಕ್ಕೆಂದರು. ಗಂಗುಲಪ್ಪ ನೆಲ ನೋಡಿದರು. ಖುರ್ಷೀದ್ ಮತ್ತೆ ತಟ್ಟಲು ಕೈ ಎತ್ತಿದರು. ಆಗ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು.

"ಅಲ್ಲ. ಐದನೇ ಒಂದು."

ಶ್ರಾವಣಿ. ಪಕ್ಕದವಳು ಮೊಣಕೈಯಿಂದ ತಿವಿದಳು, "ಸುಮ್ನಿರೇ, ಎಲ್ರೂ ಏಳು ಅಂದ್ರು." ಹುಡುಗಿ ಹಿಂದೆ ತಿರುಗಿ ನೋಡುವ ಹಾಗಿಲ್ಲ. ಅವಳ ಕುತ್ತಿಗೆ ಕೆಂಪಾಗಿದ್ದು ಖುರ್ಷೀದ್ ಅವರಿಗೆ ಹಿಂದಿನಿಂದಲೇ ಕಂಡಿತು. ಒಂಟಿ ದನಿ ಕೇಳಿದರೆ ತಿದ್ದುವುದು ಅವರ ಜೀವಮಾನದ ಅಭ್ಯಾಸ. ಈ ಸಲ ತಿದ್ದದೆ ಕೇಳಿದರು:

"ಯಾಕೆ ಶ್ರಾವಣಿ?"

"ಒಂದೇ ರೊಟ್ಟಿ ಮಿಸ್. ಏಳು ಜನ ಬಂದ್ರೆ ನಂಗೇನ್ ಸಿಗ್ತದೆ?"

 ಅಲ್ಲೊಬ್ಬಳು "ಹೌದಲ್ವಾ" ಎಂದಳು, ಇಲ್ಲೊಬ್ಬ ಬೆರಳು ಮಡಚಿ ಎಣಿಸತೊಡಗಿದ. ಯಾರೂ ಹಿಂದೆ ತಿರುಗಲಿಲ್ಲ. ತಿರುಗಿದ್ದರೆ, ಮಿಸ್ಸಿನ ಕಣ್ಣಲ್ಲಿ ನೀರು ನೋಡಿ ಉತ್ತರ ತಪ್ಪೇ ಎಂದುಕೊಳ್ಳುತ್ತಿದ್ದರು.

"ಇವರಿಗೆ ಇಷ್ಟು ದಿನ ಬರ್ತಿದ್ದಿದ್ದು ನನ್ನ ಮುಖ ಓದೋದು" ಎಂದರು ಖುರ್ಷೀದ್, ಬಂದವರಿಗೆ ಕೇಳುವ ಹಾಗೆ. "ಭಿನ್ನರಾಶಿ ಒಬ್ಬಳಿಗೆ ಬಂದಿದೆ. ಉಳಿದವರಿಗೆ ಈಗ ಹೇಳಿಕೊಡ್ತೀನಿ, ಕೂತು ನೋಡಿ."

ಗಂಗುಲಪ್ಪ ಏನೋ ಹೇಳಲು ಎದ್ದರು. ಭೀಮರಾಜ್ ಹೆಡ್‌ಮಾಸ್ಟರರ ತೋಳು ಹಿಡಿದು ಕೂರಿಸಿದ.