ಮದುವೆ ಚಪ್ಪರದ ಸೈಟು

ಎಪ್ಪತ್ತರ ದಶಕದ ನಡುಭಾಗ. ನಾನಾಗ ಬಡಾವಣೆ ಕಚೇರಿಯೊಂದರಲ್ಲಿ ಇನ್‌ಸ್ಪೆಕ್ಟರ್. ಹಂಚಿಕೆಯಾದ ನಿವೇಶನದಲ್ಲಿ ಗಡುವಿನೊಳಗೆ ಮನೆ ಕಟ್ಟದಿದ್ದರೆ ಕಚೇರಿ ಅದನ್ನು ವಾಪಸ್ ಪಡೆಯುತ್ತಿತ್ತು. ಯಾರು ಕಟ್ಟಿದ್ದಾರೆ, ಯಾರು ಕಟ್ಟಿಲ್ಲ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಕಾಫಿ ಕೊಟ್ಟವರೂ ಮನಸ್ಸಿನಲ್ಲೇ ಶಪಿಸಿ ಕೊಡುತ್ತಿದ್ದರು.

ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಗಿರಿಜಮ್ಮ ಎಂಬ ಶಾಲಾ ಶಿಕ್ಷಕಿಯ ಸೈಟು ಖಾಲಿ ಬಿದ್ದಿತ್ತು. ದಾವಣಗೆರೆ ಕಡೆಯವರು, ಗಂಡ ತೀರಿಕೊಂಡಿದ್ದರು, ಅದೇ ಬೀದಿಯಲ್ಲಿ ಬಾಡಿಗೆಗಿದ್ದರು. ಗಡುವು ಮುಗಿದಿತ್ತು. ನಾನು ಹೋದ ದಿನ ಸೈಟಿನ ತುಂಬ ಮದುವೆ ಚಪ್ಪರ, ವಾಲಗ. ಗಂಡಿನ ಕಡೆಯವನೆಂದು ತಿಳಿದು ಯಾರೋ ಕೈಹಿಡಿದು ನನ್ನನ್ನು ಪಂಕ್ತಿಗೆ ಕೂರಿಸಿದರು. ಬೇಡವೆನ್ನುವಷ್ಟರಲ್ಲಿ ಎಲೆಗೆ ಒಬ್ಬಟ್ಟು ಬಿತ್ತು. ಒಬ್ಬಟ್ಟಿನ ಮೇಲೆ ನನಗೇನೂ ದ್ವೇಷವಿರಲಿಲ್ಲ.

ಕೈ ತೊಳೆದ ಮೇಲೆ, ಬಡಿಸುತ್ತಿದ್ದ ಗಿರಿಜಮ್ಮನವರನ್ನು ಕಂಡು ಬಂದ ಕಾರಣ ಹೇಳಿದೆ. "ನನಗಿರೋ ಆಸ್ತಿ ಇದೊಂದೇ ರೀ. ನಮ್ಮನೆಯವ್ರು ಇದ್ದಾಗ ತಗೊಂಡಿದ್ದು. ಕಟ್ಟೋ ಶಕ್ತಿ ಇಲ್ರೀ. ಸುಮ್ನೆ ಯಾಕೆ ಬಿದ್ದಿರಬೇಕು ಅಂತ ಬೀದಿಯವರ ಮದುವೆಗೆ ಕೊಡ್ತೀನಿ" ಎಂದರು.

ಹೆಣ್ಣಿನ ತಂದೆ ರಂಗಪ್ಪ, ಫ್ಯಾಕ್ಟರಿಯಲ್ಲಿ ಫಿಟ್ಟರ್, ಪಕ್ಕದಲ್ಲೇ ನಿಂತಿದ್ದರು. "ಎಷ್ಟು ಕಟ್ಟಿದ್ರೆ ಮನೆ ಅಂತೀರಾ, ಸಾರ್?" ಎಂದು ಕೇಳಿದರು.

"ಒಂದು ರೂಮು, ಅಡುಗೆಮನೆ, ಕಕ್ಕಸು. ಅಷ್ಟಿದ್ರೆ ಸಾಕು" ಎಂದೆ. ಮೂರು ತಿಂಗಳ ಕಾಲಾವಕಾಶಕ್ಕೆ ಶಿಫಾರಸು ಮಾಡಿದೆ. ಕಟ್ಟಿಯಾರೆಂಬ ನಂಬಿಕೆ ನನಗಿರಲಿಲ್ಲ.

ಅವಧಿ ಮುಗಿದಾಗ ಮತ್ತೆ ಹೋದೆ. ಸೈಟಿನ ಹಿಂಬದಿಗೆ ಹೆಂಚಿನ ಪುಟ್ಟ ಮನೆ ಎದ್ದಿತ್ತು. ಆ ಚಪ್ಪರದಡಿ ಮಕ್ಕಳ ಮದುವೆ ಮಾಡಿದವರೆಲ್ಲ ಭಾನುವಾರಗಳಂದು ಬಂದು ದುಡಿದಿದ್ದರು. ಒಬ್ಬರು ಇಟ್ಟಿಗೆ ತಂದರೆ ಇನ್ನೊಬ್ಬರು ಕಿಟಕಿ. ಒಂದು ಕಿಟಕಿಯಂತೆ ಇನ್ನೊಂದಿರಲಿಲ್ಲ. ಒಳಗೆ ಹಾಲು ಉಕ್ಕಿಸುತ್ತಿದ್ದರು. ಅದನ್ನು ನೋಡಿ ನನಗೂ ಸಂತೋಷವಾಯಿತು. ಮನೆ ಇದೆ ಎಂದು ವರದಿ ಬರೆದೆ. ಸೈಟು ಗಿರಿಜಮ್ಮನವರಿಗೇ ಉಳಿಯಿತು.

ಹೊರಡುವಾಗ ತಡೆಯಲಾರದೆ ಕೇಳಿದೆ: "ಮುಂದೆ ಇಷ್ಟು ಜಾಗ ಬಿಟ್ಟಿದೀರಲ್ಲ, ಮೇಡಂ. ಒಂದು ಅಂಗಡಿ ಕಟ್ಟಿದ್ರೆ ಬಾಡಿಗೆ ಬರ್ತಿತ್ತು."

"ಎದುರುಮನೆ ಹುಡುಗಿಗೆ ಗಂಡು ಗೊತ್ತಾಗೇತ್ರೀ. ಚಪ್ಪರ ಎಲ್ಲಿ ಹಾಕ್ತಾರೆ?" ಎಂದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಬೀದಿಯವರ ಮದುವೆಯ ಭಾರವನ್ನು ಆಕೆ ಇಳಿಸಿದ್ದರು, ಆಕೆಯ ಮನೆಯ ಭಾರವನ್ನು ಬೀದಿಯವರು ಹೊತ್ತರು. ನಾನು ಮಾತ್ರ ಆ ಸೈಟನ್ನು ಉದ್ದ, ಅಗಲ, ಮುಂದಿನ ರಸ್ತೆ ಎಂದಷ್ಟೇ ಬಲ್ಲವನಾಗಿದ್ದೆ. ಆಮೇಲೆ ನಿವೃತ್ತಿಯವರೆಗೂ, ಯಾವ ಜಾಗವನ್ನಾದರೂ ಖಾಲಿ ಎಂದು ಬರೆಯುವ ಮುನ್ನ, ಎದುರುಮನೆಯವರನ್ನು ಒಂದು ಮಾತು ಕೇಳುತ್ತಿದ್ದೆ.